ಹಿತ್ತಲ ಗಿಡ ಕೋಳಿಗೆ ಮದ್ದಾದಾಗ

ಭಾನುವಾರ ಬೆಳಗ್ಗೆ ಚಿಕನ್ ಆರ್ಡರ್ ಮಾಡೋಕೆ ಆ್ಯಪ್ ತೆಗೆದವರಿಗೆಲ್ಲ ಇದು ಗೊತ್ತಿರುತ್ತೆ. ಅದೇ ಅರ್ಧ ಕೆಜಿ ಕರಿ ಕಟ್‌ಗೆ ಎರಡು ಬೆಲೆ. ಕಡಿಮೆ ಬೆಲೆಯದ್ದು ಬರೀ ಚಿಕನ್. ಜಾಸ್ತಿ ಬೆಲೆಯದ್ದರ ಮೇಲೆ ಒಂದು ಹಸಿರು ಎಲೆ, ಪಕ್ಕದಲ್ಲಿ ‘ಆಂಟಿಬಯೋಟಿಕ್ ಇಲ್ಲದ’, ‘ಗಿಡಮೂಲಿಕೆ ತಿಂದು ಬೆಳೆದ’ ಅನ್ನೋ ಮಾತು. ನಮ್ಮಲ್ಲಿ ಅನೇಕರು ಎಲೆ ಇರೋದನ್ನೇ ಒತ್ತುತ್ತೇವೆ. ಆ ಹೆಚ್ಚುವರಿ ದುಡ್ಡಿಗೆ ಸಿಗೋದು ಸ್ವಲ್ಪ ಆರೋಗ್ಯ, ಸ್ವಲ್ಪ ನೆಮ್ಮದಿ. ಆರೋಗ್ಯದ ಲೆಕ್ಕ ಹಾಕೋಕೆ ವಿಜ್ಞಾನಿಗಳಿದ್ದಾರೆ. ನೆಮ್ಮದಿಯ ಲೆಕ್ಕ ನಾವೇ ಹಾಕಿಕೊಳ್ಳಬೇಕು. ಕೋಳಿಗೆ ಆಂಟಿಬಯೋಟಿಕ್ ಬದಲು ಅರಿಶಿನ, ಬೆಳ್ಳುಳ್ಳಿ, ನೆಲಬೇವು ತಿನ್ನಿಸಿಬಿಟ್ಟರೆ ಮಾಡಬೇಕಾದ್ದನ್ನು ಮಾಡಿದ ಹಾಗಾಯ್ತಾ? ಯಾರಿಗೆ ಮಾಡಬೇಕಾದ್ದನ್ನು?

ಮೊದಲು ಈ ಗಿಡಮೂಲಿಕೆ ವ್ಯವಹಾರ ಏನು ಅಂತ ನೋಡೋಣ. ಬ್ರಾಯ್ಲರ್ ಕೋಳಿಯ ಆಹಾರದಲ್ಲಿ ಹೆಚ್ಚಿನ ಪಾಲು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಅದರ ಮೇಲೆ ವಿಟಮಿನ್, ಖನಿಜ, ಅಮೈನೋ ಆಮ್ಲ, ಕೊನೆಗೆ ಚಿಟಿಕೆಯಷ್ಟು ‘ಇತರೆ’. ಗಿಡಮೂಲಿಕೆ ಸಾರ ಬರೋದು ಈ ಚಿಟಿಕೆಯಲ್ಲಿ. ಯುರೋಪಿನ ಕಂಪನಿಗಳು ಓರಿಗ್ಯಾನೊ, ಥೈಮ್, ದಾಲ್ಚಿನ್ನಿ ಎಣ್ಣೆಗಳನ್ನು ಹೆಚ್ಚು ಬಳಸುತ್ತವೆ. ನಮ್ಮ ಕಡೆ ಅರಿಶಿನ, ಬೆಳ್ಳುಳ್ಳಿ, ತುಳಸಿ, ನೆಲ್ಲಿಕಾಯಿ, ನೆಲನೆಲ್ಲಿ, ಅಶ್ವಗಂಧ. ಓರಿಗ್ಯಾನೊ ಅಂದ ತಕ್ಷಣ ನಮಗೆ ಪಿಜ್ಜಾ ನೆನಪಾಗುತ್ತೆ. ಆದರೆ ಅದರ ಘಾಟಿಗೆ ಕಾರಣವಾದ ಕಾರ್ವಕ್ರಾಲ್ ನಮ್ಮ ಹಿತ್ತಲ ದೊಡ್ಡಪತ್ರೆಯಲ್ಲೂ ಇದೆ. ಥೈಮ್‌ನಲ್ಲಿರೋ ಥೈಮಾಲ್‌ನಿಂದಲೇ ಓಮದ ಕಾಳಿಗೂ ಆ ವಾಸನೆ. ಇವೆರಡೂ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಹಾಳು ಮಾಡುತ್ತವೆ. ಇನ್ನು ಕೆಲವು ಸಾರಗಳು ಜೀರ್ಣರಸ ಹೆಚ್ಚಿಸುತ್ತವೆ, ಕೆಲವು ಕರುಳಿನ ಉರಿಯೂತ ತಗ್ಗಿಸುತ್ತವೆ. ‘ಹಿತ್ತಲ ಗಿಡ ಮದ್ದಲ್ಲ’ ಅನ್ನೋ ಗಾದೆಯನ್ನು ಕೋಳಿ ಉದ್ಯಮ ತಿರುಗಿಸಿ ಹಾಕಿದೆ.

ಕೆಲಸ ಮಾಡುತ್ತಾ ಅಂದ್ರೆ, ಗಾಜಿನ ತಟ್ಟೆಯಲ್ಲಿ ಚೆನ್ನಾಗಿ ಮಾಡುತ್ತೆ. ಶೆಡ್‌ನಲ್ಲಿ ಒಮ್ಮೆ ಹೌದು, ಒಮ್ಮೆ ಇಲ್ಲ. ಒಂದು ಪ್ರಯೋಗದಲ್ಲಿ ತೂಕ ಹೆಚ್ಚುತ್ತೆ, ಇನ್ನೊಂದರಲ್ಲಿ ಏನೂ ವ್ಯತ್ಯಾಸ ಕಾಣಲ್ಲ. ಒಂದು ಕಾರಣ ಸರಳವಾದದ್ದು. ಅರಿಶಿನದಲ್ಲಿ ಕರ್ಕ್ಯುಮಿನ್ ಸಾಮಾನ್ಯವಾಗಿ ನೂರಕ್ಕೆ 2ರಿಂದ 5 ಭಾಗ ಇರುತ್ತೆ. ತಳಿ, ಮಣ್ಣು, ಕೊಯ್ಲಿನ ಕಾಲ, ಗೋದಾಮಿನಲ್ಲಿ ಇಟ್ಟ ತಿಂಗಳು ಬದಲಾದರೆ ಅದೂ ಬದಲಾಗುತ್ತೆ. ನಮ್ಮ ಕಸುಬಿನ ಮಾತಲ್ಲಿ ಹೇಳೋದಾದ್ರೆ, ಪ್ರತಿ ಬಿಲ್ಡ್‌ಗೂ ಲೈಬ್ರರಿಯ ವರ್ಷನ್ ತಾನಾಗೇ ಬದಲಾಗೋ ಪ್ರಾಜೆಕ್ಟ್ ಇದು.

ಇಷ್ಟು ಅನಿಶ್ಚಿತವಾದದ್ದರ ಹಿಂದೆ ಇಡೀ ಉದ್ಯಮ ಯಾಕೆ ಬಿದ್ದಿದೆ ಅಂತ ತಿಳಿಯೋಕೆ ಸುಮಾರು 75 ವರ್ಷ ಹಿಂದಕ್ಕೆ ಹೋಗಬೇಕು. 1940ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಸಂಶೋಧನಾ ನಿರ್ದೇಶಕರಾಗಿದ್ದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ಕಾಲದಲ್ಲೇ ಅಲ್ಲಿ ಆರಿಯೋಮೈಸಿನ್ ಅನ್ನೋ ಆಂಟಿಬಯೋಟಿಕ್ ಸಿಕ್ಕಿತು. ಅದನ್ನು ತಯಾರಿಸಿದ ಮೇಲೆ ಉಳಿದ ಚರಟವನ್ನು ಅದೇ ಸಂಸ್ಥೆಯ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು. ಅವರು ಹುಡುಕುತ್ತಿದ್ದದ್ದು ಬಿ12 ವಿಟಮಿನ್. ಆದರೆ ಬಿ12 ಲೆಕ್ಕಕ್ಕಿಂತ ಹೆಚ್ಚು ವೇಗವಾಗಿ ಮರಿಗಳು ಬೆಳೆದವು. ಚರಟದಲ್ಲಿ ಉಳಿದಿದ್ದ ಆಂಟಿಬಯೋಟಿಕ್‌ನ ಕೆಲಸ ಅದು. 1951ರಲ್ಲಿ ಅಮೆರಿಕದ ಎಫ್‌ಡಿಎ ಪಶು ಆಹಾರದಲ್ಲಿ ಆಂಟಿಬಯೋಟಿಕ್ ಬಳಕೆಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದ ಟನ್ ಫೀಡ್‌ಗೆ ಕೆಲವೇ ಗ್ರಾಂ ಔಷಧಿ ಬೆರೆಸೋದು ಪ್ರಪಂಚದೆಲ್ಲೆಡೆ ಮಾಮೂಲಾಯ್ತು. ಕಾಯಿಲೆಗೆ ಅಂತ ಕೊಟ್ಟದ್ದಲ್ಲ ಅದು, ಬೆಳವಣಿಗೆಗೆ ಕೊಟ್ಟದ್ದು.

ಅದರಿಂದ ಆದ ತೊಂದರೆಯನ್ನು ಹಳ್ಳಿಯಿಂದ ಬಂದವರಿಗೆ ವಿವರಿಸೋಕೆ ಗೋಮಾಳ ಅನ್ನೋ ಒಂದು ಪದ ಸಾಕು. ಊರಿನ ಗೋಮಾಳದಲ್ಲಿ ಒಬ್ಬ ಎರಡು ಹಸು ಹೆಚ್ಚಿಗೆ ಬಿಟ್ಟರೆ ಯಾರಿಗೂ ಗೊತ್ತಾಗಲ್ಲ. ಲಾಭ ಅವನಿಗೆ, ಸವೆದ ಹುಲ್ಲು ಎಲ್ಲರದ್ದು. ಎಲ್ಲರೂ ಅದೇ ಲೆಕ್ಕ ಹಾಕಿದ ವರ್ಷ ಹುಲ್ಲೇ ಇರಲ್ಲ. ಆಂಟಿಬಯೋಟಿಕ್‌ನ ಶಕ್ತಿಯೂ ಒಂದು ಗೋಮಾಳ. ಸಣ್ಣ ಪ್ರಮಾಣದಲ್ಲಿ, ದಿನಾ, ಲಕ್ಷಾಂತರ ಕೋಳಿಗಳಿಗೆ ಕೊಡೋದು ಅಂದ್ರೆ ಬ್ಯಾಕ್ಟೀರಿಯಾಗಳಿಗೆ ಔಷಧಿಯನ್ನು ಎದುರಿಸೋ ತರಬೇತಿ ಶಿಬಿರ ನಡೆಸಿದ ಹಾಗೆ. ಹಾಗೆ ಪಳಗಿದವು ಕೋಳಿಯಲ್ಲೇ ಉಳಿಯಲ್ಲ. ಮಾಂಸದಲ್ಲಿ, ಶೆಡ್‌ನಲ್ಲಿ ದುಡಿಯೋರ ಕೈಯಲ್ಲಿ, ಚರಂಡಿಯಲ್ಲಿ, ಕೋಳಿ ಗೊಬ್ಬರದಲ್ಲಿ ಹೊರಗೆ ಬರುತ್ತವೆ. ಆ ಗೊಬ್ಬರ ಶುಂಠಿ ಹೊಲಕ್ಕೂ, ದ್ರಾಕ್ಷಿ ತೋಟಕ್ಕೂ, ತರಕಾರಿ ಮಡಿಗೂ ಹೋಗುತ್ತೆ. ಹಾಗಾಗಿ ‘ನಾನು ಪ್ಯೂರ್ ವೆಜ್, ನನಗೇನು’ ಅನ್ನೋರೂ ಈ ಗೋಮಾಳದ ಪಾಲುದಾರರೇ.

2014ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ರಾಜಧಾನಿ ಪ್ರದೇಶದಿಂದ 70 ಕೋಳಿ ಮಾದರಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ 40ರಲ್ಲಿ ಆಂಟಿಬಯೋಟಿಕ್ ಶೇಷ ಸಿಕ್ಕಿತು. 2015ರಲ್ಲಿ ಚೀನಾದ ವಿಜ್ಞಾನಿಗಳು ಕೊಲಿಸ್ಟಿನ್ ಔಷಧಿಯನ್ನು ಸೋಲಿಸೋ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್ ಒಂದನ್ನು ಹಂದಿ, ಮಾಂಸ ಮತ್ತು ರೋಗಿಗಳಲ್ಲಿ ಕಂಡರು. ಬೇರೆ ಯಾವ ಔಷಧಿಯೂ ಕೆಲಸ ಮಾಡದಾಗ ಐಸಿಯುನಲ್ಲಿ ಡಾಕ್ಟರು ಕೊನೆಗೆ ಹಿಡಿಯೋ ಔಷಧಿಗಳಲ್ಲಿ ಕೊಲಿಸ್ಟಿನ್ ಒಂದು. ಅದು ನಮ್ಮಲ್ಲಿ ಕೋಳಿ ಫೀಡ್‌ಗೂ ಸೇರುತ್ತಿತ್ತು. 2019ರ ಜುಲೈನಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕೋ ಪ್ರಾಣಿಗಳಿಗೆ ಅದನ್ನು ನಿಷೇಧಿಸಿತು. ಅದೇ 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತೆ. ಅಷ್ಟಕ್ಕೂ ಕೋಳಿಯೇ ಕಾರಣ ಅಂತ ಯಾರೂ ಹೇಳಲ್ಲ. ಜ್ವರ ಬಂದ ಕೂಡಲೇ ಮೆಡಿಕಲ್ ಶಾಪಿಗೆ ಹೋಗಿ ಚೀಟಿ ಇಲ್ಲದೆ ಮಾತ್ರೆ ತರೋ ನಾವೂ ಅದೇ ಹುಲ್ಲನ್ನು ಮೇಯುತ್ತಿದ್ದೇವೆ. ಆದರೆ ರೋಗವಿಲ್ಲದ ಕೋಳಿಗೆ ತೂಕಕ್ಕೋಸ್ಕರ ಔಷಧಿ ಕೊಡೋದನ್ನು ಸಮರ್ಥಿಸೋದು ಕಷ್ಟ. ಸ್ವೀಡನ್ 1986ರಲ್ಲೇ ನಿಲ್ಲಿಸಿತು. ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ ಪೂರ್ತಿ ನಿಲ್ಲಿಸಿತು.

ಗಿಡಮೂಲಿಕೆ ಸಾರಗಳಿಗೆ ಮಾರುಕಟ್ಟೆ ಸಿಕ್ಕಿದ್ದು ಈ ಖಾಲಿ ಜಾಗದಲ್ಲಿ. ಬೆಳ್ಳುಳ್ಳಿಯಿಂದ ಆ ಜಾಗ ಅರ್ಧ ತುಂಬಿದರೂ ನವಜಾತ ಶಿಶುವಿನ ಐಸಿಯುನಲ್ಲಿ ಒಂದು ಔಷಧಿ ಇನ್ನಷ್ಟು ವರ್ಷ ಕೆಲಸ ಮಾಡುತ್ತೆ ಅನ್ನೋದಾದರೆ, ಅದು ಒಳ್ಳೆಯದು. ಇದನ್ನು ‘ಆದರೆ’ ಸೇರಿಸದೆ ಒಪ್ಪಿಕೊಳ್ಳಬೇಕು.

‘ಕಂಪನಿಗಳು ಲಾಭಕ್ಕಾಗಿ ತಾನೇ ಮಾಡ್ತಿರೋದು’ ಅಂತ ಮೂಗು ಮುರಿಯೋರಿದ್ದಾರೆ. ಜರ್ಮನ್ ತತ್ತ್ವಜ್ಞಾನಿ ಕಾಂಟ್ 1785ರ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಕೊಡುತ್ತಾನೆ. ಸಾಮಾನು ತಗೊಳ್ಳೋಕೆ ಬಂದ ಚಿಕ್ಕ ಮಗುವಿಗೂ ಅವನು ಮೋಸ ಮಾಡಲ್ಲ, ಯಾಕಂದ್ರೆ ಹೆಸರು ಕೆಟ್ಟರೆ ವ್ಯಾಪಾರ ಹೋಗುತ್ತೆ. ಅವನು ಮಾಡಿದ್ದು ಸರಿ, ಆದರೆ ಅದಕ್ಕೆ ನೈತಿಕ ಬೆಲೆ ಇಲ್ಲ ಅನ್ನೋದು ಕಾಂಟ್‌ನ ವಾದ. ಇರಬಹುದು. ಆದರೆ ಗೋಮಾಳದ ವಿಷಯದಲ್ಲಿ ನನಗೆ ಅಂಗಡಿಯವನ ಮನಸ್ಸಿನ ಚಿಂತೆ ಇಲ್ಲ. ಒಬ್ಬ ದೇವರಿಗೆ ಹೆದರಿ ಹಸು ಹಿಂದಕ್ಕೆ ಕರೆಸಿಕೊಂಡ, ಇನ್ನೊಬ್ಬ ದಂಡಕ್ಕೆ ಹೆದರಿ ಕರೆಸಿಕೊಂಡ, ಹುಲ್ಲಿಗೆ ಎರಡೂ ಒಂದೇ.

ಉದ್ದೇಶದ ಪ್ರಶ್ನೆ ಎದ್ದು ನಿಲ್ಲೋದು ಕೋಳಿಯ ಕಡೆಯಿಂದ ನೋಡಿದಾಗ. ಅಲ್ಲಿಗೆ ಹೋಗೋ ಮುಂಚೆ ದಾರಿಗೆ ಅಡ್ಡ ಇರೋ ಒಂದು ಪದವನ್ನು ಸರಿಸಬೇಕು. ‘ನ್ಯಾಚುರಲ್’.

ಗಿಡದಿಂದ ಬಂದದ್ದು ಸಹಜ, ಸಹಜವಾದದ್ದು ಒಳ್ಳೆಯದು ಅನ್ನೋ ಸರಪಳಿ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಹಾಗೆ ನೋಡಿದರೆ ಪೆನ್ಸಿಲಿನ್ ಬೂಷ್ಟಿನಿಂದ ಬಂದದ್ದು. ಮೇಲೆ ಹೇಳಿದ ಆರಿಯೋಮೈಸಿನ್ ಸಿಕ್ಕಿದ್ದು ಅಮೆರಿಕದ ಮಿಸೌರಿಯ ಒಂದು ಹೊಲದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ. ಮಣ್ಣಿಗಿಂತ ಸಹಜವಾದದ್ದು ಬೇಕಾ? ಇತ್ತ ಕಾಸರಕವೂ ಗಿಡವೇ, ಅದರ ಬೀಜ ಮನುಷ್ಯನನ್ನು ಕೊಲ್ಲುತ್ತೆ. ಬ್ಯಾಕ್ಟೀರಿಯಾ ಕೊಲ್ಲುವಷ್ಟು ಶಕ್ತಿ ಇರೋ ಯಾವುದೇ ಪದಾರ್ಥವನ್ನೂ, ಅದು ಎಲೆಯಿಂದ ಬರಲಿ ಬಾಟಲಿಯಿಂದ ಬರಲಿ, ಅಳೆದು ತೂಗಿ ಬಳಸಬೇಕು. ನಮ್ಮ ಹಳ್ಳಿಗಳಲ್ಲಿ ನಾಟಿ ಕೋಳಿ ಮಂಕಾದರೆ ಬೆಳ್ಳುಳ್ಳಿ, ಅರಿಶಿನ ಅರೆದು ಉಂಡೆ ಮಾಡಿ ನುಂಗಿಸೋರು ಇದ್ದಾರೆ. ಅಜೀರ್ಣಕ್ಕೆ ಅದು ನಡೆಯುತ್ತೇನೋ. ಕೊಕ್ಕರೆ ರೋಗ ಬಂದಾಗ ನಡೆಯಲ್ಲ. ಅದು ವೈರಸ್, ಅದಕ್ಕೆ ಲಸಿಕೆಯೇ ಬೇಕು. ಗಿಡಮೂಲಿಕೆಯ ಮೇಲೆ ಗೌರವ ಇರೋರು ಅದರ ಮಿತಿಯನ್ನೂ ಹೇಳಬೇಕು.

ಈಗ ಕೋಳಿಯ ವಿಷಯ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. 1957ರ ತಳಿ, 1978ರ ತಳಿ ಮತ್ತು 2005ರ ತಳಿ, ಮೂರನ್ನೂ ಒಂದೇ ಆಹಾರ ಕೊಟ್ಟು ಜೊತೆಯಲ್ಲಿ ಬೆಳೆಸಿದರು. 56 ದಿನಕ್ಕೆ 1957ರದ್ದು ಸುಮಾರು 900 ಗ್ರಾಂ, 1978ರದ್ದು 1.8 ಕೆಜಿ, 2005ರದ್ದು 4.2 ಕೆಜಿ. ಆಹಾರ ಒಂದೇ ಆದ್ದರಿಂದ ಈ ವ್ಯತ್ಯಾಸ ತಳಿಯದ್ದು. ‘ಹಾರ್ಮೋನ್ ಇಂಜೆಕ್ಷನ್ ಕೊಡ್ತಾರೆ’ ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡೋ ಮಾತಿಗೆ ಇಷ್ಟು ಉತ್ತರ ಸಾಕು. ಇಂಜೆಕ್ಷನ್‌ನ ಅಗತ್ಯವೇ ಇಲ್ಲ, ವೇಗವನ್ನು ಹುಟ್ಟಿನಲ್ಲೇ ಬರೆದಿದ್ದಾರೆ. ನಮ್ಮ ಮಾರುಕಟ್ಟೆಯ ಬ್ರಾಯ್ಲರ್ ಸುಮಾರು 40 ದಿನಕ್ಕೆ ಎರಡು ಕೆಜಿ ದಾಟಿ ಲಾರಿ ಹತ್ತುತ್ತೆ. ಇಷ್ಟು ಬೇಗ ಎದೆಯ ಮಾಂಸ ತುಂಬೋ ದೇಹವನ್ನು ಕಾಲಿನ ಮೂಳೆ, ಹೃದಯ, ಶ್ವಾಸಕೋಶ ಹೊರಲಾರದೆ ಸೋಲೋದು ಪಶುವೈದ್ಯರಿಗೆಲ್ಲ ಗೊತ್ತಿರೋ ಸಂಗತಿ. ಒಂದು ಹಕ್ಕಿಗೆ ಸಿಗೋ ಜಾಗ ಸುಮಾರು ಒಂದು ಚದರಡಿ. ನಿಮ್ಮ ಹದಿನೈದು ಇಂಚಿನ ಲ್ಯಾಪ್‌ಟಾಪನ್ನು ಮುಚ್ಚಿಟ್ಟರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು.

ಬೇಸಿಗೆಯಲ್ಲಿ ಶೆಡ್ ಕಾದಾಗ ಈ ಹಕ್ಕಿಗಳು ಬಾಯಿ ತೆರೆದು ಏದುಸಿರು ಬಿಡುತ್ತವೆ. ಕೋಳಿಗೆ ಬೆವರೋಕೆ ಬರಲ್ಲ. ತಿನ್ನೋದು ಬಿಡುತ್ತವೆ, ಕೆಲವು ಸಾಯುತ್ತವೆ. ಅದಕ್ಕೆ ಮಾರುಕಟ್ಟೆಯಲ್ಲಿ ಗಿಡಮೂಲಿಕೆಯ ‘ಆಂಟಿ ಸ್ಟ್ರೆಸ್’ ದ್ರಾವಣಗಳಿವೆ. ಒಳಗಿರೋದು ಅಶ್ವಗಂಧ, ತುಳಸಿ, ನೆಲ್ಲಿಕಾಯಿ. ಓದುಗರಲ್ಲಿ ಕೆಲವರಿಗೆ ಈ ಪಟ್ಟಿ ಎಲ್ಲೋ ನೋಡಿದ ಹಾಗೆ ಅನ್ನಿಸಬಹುದು. ಹೌದು, ಆಫೀಸಿನ ಡ್ರಾಯರಿನಲ್ಲಿರೋ ನಮ್ಮ ಗಮ್ಮಿ ಡಬ್ಬಿಯ ಮೇಲಿರೋದೂ ಇದೇ ಅಶ್ವಗಂಧ.

ಈ ಹೋಲಿಕೆ ತಮಾಷೆಗೆ ಹೇಳಿದ್ದಲ್ಲ. ರಾತ್ರಿ ಹನ್ನೊಂದಕ್ಕೆ ಅಮೆರಿಕದ ಕಾಲ್, ಬೆಳಗ್ಗೆ ಒಂಬತ್ತಕ್ಕೆ ಸ್ಟ್ಯಾಂಡ್ ಅಪ್. ಜನ ಸುಸ್ತಾಗ್ತಿದ್ದಾರೆ ಅಂತ ಎಚ್‌ಆರ್‌ಗೆ ಗೊತ್ತಾದಾಗ ಶುಕ್ರವಾರ ಧ್ಯಾನದ ಸೆಷನ್ ಇಡ್ತಾರೆ, ಪ್ಯಾಂಟ್ರಿಗೆ ಗ್ರೀನ್ ಟೀ ತರಿಸ್ತಾರೆ. ಧ್ಯಾನ ಕೆಟ್ಟದ್ದಾ? ಇಲ್ಲ. ಗ್ರೀನ್ ಟೀ? ಅದೂ ಇಲ್ಲ. ಆದರೆ ಡೆಡ್‌ಲೈನ್ ಮುಟ್ಟದೆ ಧ್ಯಾನ ಕಲಿಸಿದಾಗ ನಮಗೆ ಒಳಗೇ ಒಂದು ಅಸಮಾಧಾನ ಆಗುತ್ತಲ್ಲ, ಅದಕ್ಕೆ ಕಾರಣ ಇದೆ. ನಮ್ಮ ನೋವಿಗೆ ಮದ್ದು ಕೊಟ್ಟದ್ದು ನಮಗೋಸ್ಕರ ಅಲ್ಲ, ನಾವು ಇನ್ನಷ್ಟು ದಿನ ಅದೇ ನೋವನ್ನು ತಡೆದುಕೊಳ್ಳಲಿ ಅಂತ. ಮಗುವಿಗೆ ಕೆಮ್ಮು ಬಂದಾಗ ಅಜ್ಜಿ ದೊಡ್ಡಪತ್ರೆ ರಸ ಕೊಟ್ಟರೆ ಮಗು ಚೆನ್ನಾಗಿರಲಿ ಅನ್ನೋದೇ ಗುರಿ. ಬ್ರಾಯ್ಲರ್‌ಗೆ ಕೊಡೋ ತುಳಸಿಯ ಗುರಿ, ಒಂದು ಕೆಜಿ ಮಾಂಸಕ್ಕೆ ಎಷ್ಟು ಕೆಜಿ ಫೀಡ್ ಖರ್ಚಾಯ್ತು ಅನ್ನೋ ಒಂದು ಸಂಖ್ಯೆ. ಎಲೆ ಒಂದೇ, ಕೊಟ್ಟ ಕೈಯ ಲೆಕ್ಕ ಬೇರೆ. ಜೊತೆಗೆ ನಮಗೆ ಒಂದು ಅನುಕೂಲ ಇದೆ, ಪೇಪರ್ ಹಾಕಬಹುದು. ಕೋಳಿಗೆ ನೋಟೀಸ್ ಪೀರಿಯಡ್ ಇಲ್ಲ.

ಹಳೆಯ ಸಂಶೋಧನೆಯೊಂದು ಇಲ್ಲಿ ಕೆಲಸಕ್ಕೆ ಬರುತ್ತೆ. ಸೂಕ್ಷ್ಮಜೀವಿಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಮರಿಗಳಿಗೆ ಆಂಟಿಬಯೋಟಿಕ್ ಕೊಟ್ಟರೆ ಬೆಳವಣಿಗೆಯಲ್ಲಿ ಲಾಭ ಕಾಣಲ್ಲ. ಶೆಡ್ ಎಷ್ಟು ಕೊಳಕೋ ಔಷಧಿಯ ಲಾಭ ಅಷ್ಟು ಹೆಚ್ಚು. ಅಂದ್ರೆ ಆ ಚಿಟಿಕೆ ಔಷಧಿ ಇಷ್ಟು ವರ್ಷ ಮಾಡಿದ ಕೆಲಸದಲ್ಲಿ ಒಂದು ಭಾಗ ಶೆಡ್‌ನ ತಪ್ಪನ್ನು ಮುಚ್ಚಿಡೋದು. ಡೆನ್ಮಾರ್ಕ್‌ನ ಕೋಳಿ ಸಾಕಣೆದಾರರು 1998ರಲ್ಲಿ ಬೆಳವಣಿಗೆಯ ಆಂಟಿಬಯೋಟಿಕ್ ಬಿಟ್ಟರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಪರಿಶೀಲಿಸಿದಾಗ ಕೋಳಿಗಳ ಸಾವು ಹೆಚ್ಚಿರಲಿಲ್ಲ, ಫೀಡ್ ಖರ್ಚು ಅತ್ಯಲ್ಪ ಏರಿತ್ತು. ಸ್ವಚ್ಛತೆ, ಗಾಳಿ, ಒಣ ಹೊಟ್ಟು, ಒಳ್ಳೆಯ ಮರಿ ಇದ್ದರೆ ಚಿಟಿಕೆಯ ಅಗತ್ಯವೇ ಕಡಿಮೆ. ಹಾಗಿದ್ದ ಮೇಲೆ ಔಷಧಿ ಇದ್ದ ಡಬ್ಬಿಯಲ್ಲಿ ಸಾರ ತುಂಬಿ ಶೆಡ್ಡನ್ನು ಹಾಗೇ ಬಿಟ್ಟರೆ, ನಾವು ಬಗ್ ಸರಿ ಮಾಡಿಲ್ಲ, ಎರರ್ ಮೆಸೇಜನ್ನು ಹಸಿರು ಬಣ್ಣದಲ್ಲಿ ತೋರಿಸಿದ್ದೇವೆ.

‘ಮಾತು ಚೆನ್ನಾಗಿದೆ, ಬೆಲೆ ಯಾರು ಕೊಡ್ತಾರೆ?’ ಅಂತ ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆ. ನಾಟಿ ಕೋಳಿ ಹಬ್ಬಕ್ಕೆ, ನೆಂಟರಿಗೆ, ಬಾಣಂತಿಗೆ ಅಂತ ಮೀಸಲಿದ್ದ ಮನೆಗಳಲ್ಲಿ ಈಗ ವಾರಕ್ಕೊಮ್ಮೆ ಕೋಳಿ ಸಾರಿನ ವಾಸನೆ ಬರುತ್ತಿದ್ದರೆ ಅದಕ್ಕೆ ಈ ಬಡ ಬ್ರಾಯ್ಲರೇ ಕಾರಣ. ಗಾರೆ ಕೆಲಸಕ್ಕೆ ಬಂದ ಮನೆಯ ಮಕ್ಕಳ ತಟ್ಟೆಯಲ್ಲಿ ಇರೋ ಪ್ರೋಟೀನ್ ಬಗ್ಗೆ ಇಂದಿರಾನಗರದ ಕಾಫಿ ಶಾಪಿನಲ್ಲಿ ಕೂತು ನಾವು ನೀತಿ ಹೇಳಬಾರದು. ನಿಧಾನ ಬೆಳೆಯೋ ತಳಿ ಹೆಚ್ಚು ತಿನ್ನುತ್ತೆ, ಹೆಚ್ಚು ದಿನ ಇರುತ್ತೆ, ದುಬಾರಿಯಾಗುತ್ತೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜ ತಳಿ ಹಿತ್ತಲಲ್ಲಿ ಮೇಯ್ದುಕೊಂಡು ಬೆಳೆಯೋಕೆ ಒಗ್ಗೋ ಕೋಳಿ. ಆದರೆ ಅದು ಬ್ರಾಯ್ಲರ್ ಬೆಲೆಗೆ ಸಿಗಲ್ಲ.

ಇನ್ನೊಬ್ಬರನ್ನೂ ಮರೆಯಬಾರದು. ನಮ್ಮ ಕಡೆ ಬ್ರಾಯ್ಲರ್ ಸಾಕೋ ಬಹಳಷ್ಟು ರೈತರು ಕಂಪನಿ ಕೋಳಿ ಸಾಕ್ತಾರೆ. ಮರಿ, ಫೀಡ್, ಔಷಧಿ, ಡಾಕ್ಟರು ಕಂಪನಿಯದ್ದು. ಶೆಡ್ಡು, ಕರೆಂಟು, ನೀರು, ಭತ್ತದ ಹೊಟ್ಟು, ದುಡಿಮೆ ರೈತನದ್ದು. ಕೊನೆಗೆ ಕೆಜಿಗೆ ಇಷ್ಟು ಅಂತ ಕೂಲಿ. ನಮ್ಮೂರಿನ ಅಂಥ ಒಂದು ಶೆಡ್ ಮಾಲೀಕರನ್ನು ಕೇಳಿದೆ, “ಅಣ್ಣ, ಈ ಚೀಲದಲ್ಲಿ ಏನೇನಿರುತ್ತೆ?”

“ಕಂಪನಿಯೋರು ಕಳಿಸ್ತಾರೆ, ನಾವ್ ಹಾಕ್ತೀವಿ ಕಣಪ್ಪಾ. ಒಳಗೇನೈತೆ ಅಂತ ನಾವ್ ಕೇಳಲ್ಲ, ಅವ್ರ್ ಹೇಳಲ್ಲ.”

ಲೇಬಲ್ ಓದೋ ಭಾಗ್ಯ ನಮಗಿದೆ, ಚೀಲ ಬಿಚ್ಚೋ ಕೈಗಿಲ್ಲ. ಎಲೆಯ ಚಿತ್ರಕ್ಕೆ ನಾವು ಕೊಡೋ ಹೆಚ್ಚುವರಿ ದುಡ್ಡಿನಲ್ಲಿ ಎಷ್ಟು ಆ ಶೆಡ್ ತನಕ ಹೋಗುತ್ತೆ ಅನ್ನೋದು ಲೇಬಲ್ ಮೇಲೆ ಇರಲ್ಲ. ‘ರೈತರು ಶೆಡ್ ಸರಿ ಮಾಡಲಿ’ ಅಂತ ಹೇಳೋದು ಸುಲಭ, ಫ್ಯಾನು, ಫಾಗರ್ ಹಾಕಿಸೋ ಖರ್ಚು ಮಾತ್ರ ಕೆಜಿ ಲೆಕ್ಕದ ಕೂಲಿಯಿಂದಲೇ ಬರಬೇಕು.

ಲೇಬಲ್ ಬಗ್ಗೆ ಇನ್ನೊಂದು ಮಾತು. ‘ಯಾವತ್ತೂ ಆಂಟಿಬಯೋಟಿಕ್ ಕೊಟ್ಟಿಲ್ಲ’ ಅನ್ನೋದು ಕೇಳೋಕೆ ಪರಮ ಪವಿತ್ರ. ಆದರೆ ಶೆಡ್‌ಗೆ ನಿಜವಾಗಿ ಬ್ಯಾಕ್ಟೀರಿಯಾ ರೋಗ ಬಂದಾಗ? ಔಷಧಿ ಕೊಟ್ಟರೆ ಲೇಬಲ್ ಹೋಗುತ್ತೆ, ಕೊಡದಿದ್ದರೆ ಹಕ್ಕಿ ನರಳುತ್ತೆ. ಅಮೆರಿಕದ ದೊಡ್ಡ ಮಾಂಸ ಕಂಪನಿ ಟೈಸನ್ 2023ರಲ್ಲಿ ಅಂಥ ಘೋಷಣೆಯನ್ನು ಕೈಬಿಟ್ಟು, ಮನುಷ್ಯರ ಚಿಕಿತ್ಸೆಗೆ ಮುಖ್ಯವಾದ ಆಂಟಿಬಯೋಟಿಕ್ ಬಳಸಲ್ಲ ಅನ್ನೋ ಮಾತಿಗೆ ಇಳಿಯಿತು. ಅವರ ಕಾರಣ ಏನೇ ಇರಲಿ, ಸೂಕ್ಷ್ಮ ಮುಖ್ಯವಾದದ್ದು. ಕಾಯಿಲೆಗೆ ಡಾಕ್ಟರು ಹೇಳಿದಷ್ಟು ದಿನ ಔಷಧಿ ಕೊಟ್ಟು, ಅದು ದೇಹದಿಂದ ಹೋಗೋ ತನಕ ಕಾದು ಮಾರೋದು ಒಂದು. ದಿನಾ ಫೀಡ್‌ನಲ್ಲಿ ಬೆರೆಸೋದು ಇನ್ನೊಂದು. ಎರಡನ್ನೂ ಒಂದೇ ಪಾಪದ ಖಾತೆಗೆ ಹಾಕಿದರೆ ನಮ್ಮ ಶುದ್ಧತೆಯ ಬೆಲೆಯನ್ನು ಕಾಯಿಲೆ ಬಿದ್ದ ಹಕ್ಕಿ ಕಟ್ಟಬೇಕಾಗುತ್ತೆ.

ಹಾಗಾದ್ರೆ ಏನು ಮಾಡೋಣ? ನನಗೆ ಇಲ್ಲಿ ಎರಡು ಖಾತೆ ಕಾಣುತ್ತೆ. ಒಂದು, ಮನುಷ್ಯರು ಮನುಷ್ಯರಿಗೆ ಕೊಡಬೇಕಾದ ಸಾಲ: ಔಷಧಿಗಳ ಗೋಮಾಳವನ್ನು ಮುಂದಿನವರಿಗೆ ಉಳಿಸೋದು. ಈ ಖಾತೆಗೆ ಗಿಡಮೂಲಿಕೆಯ ಫೀಡ್ ಒಂದು ಕಂತು ಕಟ್ಟಿದೆ. ಕಂತು ಸಣ್ಣದಿರಬಹುದು, ನಿಜವಾದದ್ದು. ಎರಡನೆಯದು, ತಿನ್ನೋಕೆ ಅಂತಲೇ ಹುಟ್ಟಿಸಿದ ಜೀವಕ್ಕೆ ಅದರ ನಲವತ್ತು ದಿನಗಳಲ್ಲಿ ನಾವು ಕೊಡಬೇಕಾದ ಸಾಲ. ಜಾಗ, ಗಾಳಿ, ಹೊರಬಲ್ಲಷ್ಟೇ ಮೈಭಾರ. ಈ ಖಾತೆಗೆ ಅಶ್ವಗಂಧ ಹಾಕಿದರೆ ಜಮಾ ಆಗಲ್ಲ. ಹಸಿರು ಎಲೆಯ ತೊಂದರೆ ಇಷ್ಟೇ, ಮೊದಲ ಖಾತೆಯ ರಸೀದಿ ತೋರಿಸಿ ಎರಡೂ ತೀರಿತು ಅನ್ನೋ ಭಾವನೆ ಕೊಡುತ್ತೆ.

ಮಾಂಸ ಬಿಡಿ ಅಂತ ನಾನು ಹೇಳ್ತಿಲ್ಲ, ನಾನೂ ತಿಂತೀನಿ. ಜೇಬಲ್ಲಿ ದುಡ್ಡಿದ್ದು ಆಯ್ಕೆ ಇರೋ ನಮ್ಮಂಥವರ ಮೇಲೆ ಎರಡನೇ ಖಾತೆಯ ಭಾರ ಹೆಚ್ಚು ಅಂತ ಹೇಳ್ತಿದ್ದೀನಿ. ಪ್ರೀಮಿಯಂ ಕೊಡೋ ಗ್ರಾಹಕ ‘ಏನು ತಿನ್ನಿಸಿದ್ರಿ’ ಅಂತ ಕೇಳಿದ್ದಕ್ಕೆ ಮಾರುಕಟ್ಟೆ ಎಲೆಯ ಚಿತ್ರ ತಂದುಕೊಟ್ಟಿತು. ‘ಎಷ್ಟು ದಿನ ಬೆಳೆಸಿದ್ರಿ, ಎಷ್ಟು ಜಾಗ ಕೊಟ್ರಿ, ಯಾವ ತಳಿ, ಸಾಕಿದವರಿಗ ಎಷ್ಟು ಸಿಕ್ತು’ ಅಂತ ಕೇಳೋಕೆ ಶುರು ಮಾಡಿದರೆ ಅದಕ್ಕೂ ಏನಾದರೂ ತರಲೇಬೇಕು. ವಾರಕ್ಕೆ ಎರಡು ಸಲ ಸೋವಿ ಕೋಳಿ ತಿನ್ನೋ ಬದಲು ಒಂದು ಸಲ ಚೆನ್ನಾಗಿ ಬದುಕಿದ ಕೋಳಿ ತಿಂದರೆ ತಿಂಗಳ ಬಿಲ್ಲು ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಗಾರೆ ಕೆಲಸದವರ ತಟ್ಟೆಗೆ ಕೈ ಹಾಕದೆ ನಾವು ಮಾಡಬಹುದಾದ್ದು ಇದು.

ಎಲೆ ಇರೋ ಪ್ಯಾಕೆಟ್ ಕೊಳ್ಳಿ, ತಪ್ಪಿಲ್ಲ. ಆ ಎಲೆ ಶೆಡ್ಡಿನ ಬಾಗಿಲಿಗೆ ಕಟ್ಟಿದ ತೋರಣ ಆಗದಿರಲಿ. ಬಾಗಿಲು ತೆಗೆದು ಒಳಗೂ ಒಂದು ಸಲ ನೋಡಿ.